ಆಳೆತ್ತರದ ವಿಷದ ಹೂಗಿಡ: ಗೌರಿ ಹೂವೋ, ವಿಷಮುಂಗಲಿಯೋ, ಡೆಲ್ಫಿನಿಯಮ್ಮೋ?

ಕಾಂಡ ಮರದಂತೆ ಗಟ್ಟಿಯಾಗದೆ, ವರ್ಷ ವರ್ಷವೂ ಬುಡದಿಂದಲೇ ಚಿಗುರಿ ಎದೆಮಟ್ಟಕ್ಕೋ ತಲೆಯ ಮೇಲಕ್ಕೋ ಏರುವ ಹೂಗಿಡ ಬೇಕೆಂದು ಹುಡುಕಲು ಹೊರಟರೆ, ಕಣ್ಣಿಗೆ ಬೀಳುವ ಚೆಂದದ ಗಿಡಗಳಲ್ಲಿ ಹಲವು ವಿಷದವೇ. ಗೌರಿ ಹೂ, ವಿಷಮುಂಗಲಿ, ಆನೆಕಿವಿ, ಡೆಲ್ಫಿನಿಯಮ್, ಫಾಕ್ಸ್‌ಗ್ಲೋವ್, ಚಳಿದೇಶಗಳ ಮಾಂಕ್ಸ್‌ಹುಡ್ ಎಲ್ಲವೂ ಈ ಸಾಲಿನವು. ಹಾಗೆಂದು ಇವನ್ನು ಅಂಗಳದಿಂದ ದೂರ ಇಡಬೇಕಾಗಿಲ್ಲ. ನಮ್ಮ ಬೇಲಿಗಳಲ್ಲಿ ಕಣಗಿಲೆ ತಲೆಮಾರುಗಳಿಂದ ಇದೆ. ಅದೂ ಕಡುವಿಷದ ಗಿಡವೇ. ನೋಡಬೇಕಾದ್ದು ಎರಡು ಸಂಗತಿ: ಗಿಡದ ವಿಷ ಯಾವ ಭಾಗದಲ್ಲಿ ಕೂತಿದೆ, ಮತ್ತು ಆ ಭಾಗಕ್ಕೆ ನಿಮ್ಮ ಮನೆಯಲ್ಲಿ ಯಾರ ಕೈ ಅಥವಾ ಬಾಯಿ ತಲುಪುತ್ತದೆ. ಮಣ್ಣು, ಮಳೆ, ಬಿಸಿಲುಗಳ ಲೆಕ್ಕ ಅದಾದ ಮೇಲೆ.

ಮೊದಲು ಮನೆಯನ್ನು ನೋಡಿ

ಅಂಬೆಗಾಲಿಡುವ ಮಗು ಇರುವ ಮನೆಗೆ ದೊಡ್ಡ ಅಪಾಯ ಕೈಗೆಟುಕುವ ಬಣ್ಣದ ಬೀಜ ಮತ್ತು ಮೆದು ಎಲೆ. ನೆಲ ಕೆರೆಯುವ ನಾಯಿ ಇದ್ದರೆ ಅಪಾಯ ಗಡ್ಡೆಯಲ್ಲಿದೆ. ದನ, ಮೇಕೆ ಕಟ್ಟುವ ಹಿತ್ತಲಲ್ಲಿ ಸವರಿ ಎಸೆದ ಎಲೆಯ ರಾಶಿಯೇ ಹೆಚ್ಚು ತೊಂದರೆ ಕೊಡುತ್ತದೆ. ನಿಂತ ಗಿಡವನ್ನು ಮೂಸಿ ಬಿಡುವ ದನ, ಹುಲ್ಲಿನೊಂದಿಗೆ ಬೆರೆತು ಬಾಡಿದ ಎಲೆಯನ್ನು ತಿಂದುಬಿಡಬಹುದು. ಹಿತ್ತಲಲ್ಲೇ ಗೆಣಸು, ಸುವರ್ಣಗಡ್ಡೆ, ಕೆಸು ಬೆಳೆದು ಅಡುಗೆಗೆ ತರುವ ಮನೆಯಾದರೆ, ತಿನ್ನುವ ಗಡ್ಡೆಯ ಜೊತೆ ವಿಷದ ಗಡ್ಡೆ ಬೆರೆಯುವುದೇ ಎಲ್ಲಕ್ಕಿಂತ ದೊಡ್ಡ ಭಯ. ಈ ನಾಲ್ಕರಲ್ಲಿ ನಿಮ್ಮ ಮನೆ ಯಾವುದು ಎಂದು ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು.

ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಗೌರಿ ಹೂ, ಫಾಕ್ಸ್‌ಗ್ಲೋವ್, ಮಾಂಕ್ಸ್‌ಹುಡ್ ಮೂರೂ ಬೇಡ. ಮಗು ಸ್ವಲ್ಪ ದೊಡ್ಡದಾಗಲಿ, ಗಿಡ ಕಾಯುತ್ತದೆ.

ಗೌರಿ ಹೂ: ಕರ್ನಾಟಕದ ಬಹುಪಾಲು ಅಂಗಳಕ್ಕೆ ಮೊದಲ ಆಯ್ಕೆ

ಅಗ್ನಿಶಿಖೆ ಎಂದೂ ಲಾಂಗಲಿ ಎಂದೂ ಕರೆಯುವ ಗ್ಲೋರಿಯೋಸಾ ಸುಪರ್ಬಾ ನಮ್ಮ ಕಾಡಂಚಿನ, ಬೇಲಿಯಂಚಿನ ಗಿಡ. ಪಕ್ಕದ ತಮಿಳುನಾಡಿನ ರಾಜ್ಯಪುಷ್ಪ, ದೂರದ ಜಿಂಬಾಬ್ವೆಯ ರಾಷ್ಟ್ರಪುಷ್ಪ. ಮುಂಗಾರಿನ ಹೊತ್ತಿಗೆ ಮೊಳೆತು, ಶ್ರಾವಣ ಭಾದ್ರಪದಗಳಲ್ಲಿ ಹೂ ಬಿಟ್ಟು, ಚಳಿ ಬರುವಷ್ಟರಲ್ಲಿ ಒಣಗಿ ನೆಲದೊಳಗೆ ಮಲಗುತ್ತದೆ. ಆಸರೆ ಸಿಕ್ಕರೆ 2ರಿಂದ 4 ಮೀಟರ್ ಏರುತ್ತದೆ. ಹಸಿರು ಮಿಶ್ರಿತ ಹಳದಿಯಲ್ಲಿ ಬಿರಿದ ಆರು ಎಸಳು ದಿನ ಕಳೆದಂತೆ ಕಿತ್ತಳೆಗೆ, ಆಮೇಲೆ ಕಡುಕೆಂಪಿಗೆ ತಿರುಗುತ್ತವೆ. ಒಂದೇ ಬಳ್ಳಿಯಲ್ಲಿ ಮೂರು ಬಣ್ಣದ ಹೂ ಒಟ್ಟಿಗೆ ಕಾಣುವುದು ಅದಕ್ಕೇ. ಸುಮಾರು ಆರು ತಿಂಗಳು ನೀರು ಕೇಳದ ಗಿಡ ಎನ್ನುವುದು ಒಣಜಿಲ್ಲೆಗಳವರಿಗೆ ದೊಡ್ಡ ಅನುಕೂಲ.

ವಿಷದ ಲೆಕ್ಕದಲ್ಲಿ ಮಾತ್ರ ಇದು ಗಂಭೀರ ಗಿಡ. ಇಡೀ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷ ಇದೆ; ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಗೌಟ್ ಕಾಯಿಲೆಗೆ ವೈದ್ಯರು ಅತಿ ಸಣ್ಣ ಪ್ರಮಾಣದಲ್ಲಿ ಕೊಡುವ ಔಷಧವೂ ಇದೇ. ಬೇಯಿಸಿದರೂ ಇದು ಹೋಗುವುದಿಲ್ಲ. ಸಿಹಿಗೆಣಸೆಂದು ತಿಳಿದು ಇದರ ಗಡ್ಡೆ ಬೇಯಿಸಿ ತಿಂದು ಸತ್ತವರ ಪ್ರಕರಣಗಳು ಶ್ರೀಲಂಕಾದಲ್ಲಿ ದಾಖಲಾಗಿವೆ. ಇಲ್ಲಿ ಒಂದು ಕಾಲದ ಹೊಂದಾಣಿಕೆಯನ್ನು ಗಮನಿಸಬೇಕು. ಗೌರಿ ಹೂವಿನ ಬಳ್ಳಿ ಒಣಗಿ ಗುರುತೇ ಇಲ್ಲದಂತಾಗುವುದು ಮಾರ್ಗಶಿರ, ಪುಷ್ಯದಲ್ಲಿ. ಸಂಕ್ರಾಂತಿಗೆ ಗೆಣಸು, ಅವರೆ ಎನ್ನುತ್ತಾ ನಾವು ಹಿತ್ತಲಲ್ಲಿ ಗೆಣಸು ಅಗೆಯುವುದೂ ಆಗಲೇ. ಆದ್ದರಿಂದ ತಿನ್ನುವ ಗಡ್ಡೆಯ ಮಡಿಯಲ್ಲಾಗಲಿ ಅದರ ಪಕ್ಕದಲ್ಲಾಗಲಿ ಗೌರಿ ಹೂವನ್ನು ಎಂದೂ ನೆಡಬೇಡಿ. ಕಲ್ಲುಕಟ್ಟೆಯೋ ಇಟ್ಟಿಗೆ ಸಾಲೋ ಇರುವ ಬೇರೆಯದೇ ಮಡಿ ಬೇಕು. ಬಳ್ಳಿ ಒಣಗುವ ಮುನ್ನ ಮಳೆಬಿಸಿಲಿಗೆ ಅಳಿಸದ ಗುರುತಿನ ಫಲಕ ಚುಚ್ಚಬೇಕು.

ಗಡ್ಡೆಯೋ, ಬೀಜವೋ?

ಬೀಜದಿಂದ ಬೆಳೆಸಿದರೆ ಮೊಳೆಯಲು ಮೂರು ವಾರದಿಂದ ಮೂರು ತಿಂಗಳು ಬೇಕು. ಹೂ ನೋಡಲು ಮೂರು ನಾಲ್ಕು ವರ್ಷ. ಮೊದಲ ವರ್ಷದ ಗಡ್ಡೆ ಕಡಲೆಬೀಜದಷ್ಟು ಸಣ್ಣದಿದ್ದು, ಕಳೆ ಕೀಳುವಾಗ ಕಳೆದುಹೋಗುತ್ತದೆ. ಬೀಜ ಅಗ್ಗ, ರೋಗ ಹೊತ್ತು ತರುವುದಿಲ್ಲ ಎನ್ನುವುದಷ್ಟೇ ಅದರ ಲಾಭ. ಮನೆ ಅಂಗಳಕ್ಕೆ ಗಡ್ಡೆಯನ್ನೇ ಕೊಳ್ಳಿ.

ಗಡ್ಡೆ ಕೊಳ್ಳುವಾಗ ಎರಡನ್ನು ನೋಡಬೇಕು. ತೂಕ 50ರಿಂದ 60 ಗ್ರಾಂ ಇದ್ದರೆ ಆ ವರ್ಷವೇ ಹೂ ಬರುವ ಸಾಧ್ಯತೆ ಚೆನ್ನಾಗಿರುತ್ತದೆ. 20 ಗ್ರಾಮಿನದು ಎಲೆ ಬಿಟ್ಟು ಸುಮ್ಮನಾಗುತ್ತದೆ. ಎರಡನೆಯದು ಕಣ್ಣು. ಈ ಗಡ್ಡೆ ಇಂಗ್ಲಿಷಿನ ವಿ ಅಕ್ಷರದಂತೆ ಎರಡು ತೋಳಾಗಿ ಇರುತ್ತದೆ. ಪ್ರತಿ ತೋಳಿನ ತುದಿಯಲ್ಲಿ ಒಂದೇ ಒಂದು ಮೊಳಕೆ ಕಣ್ಣು. ಆಲೂಗಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ. ತುದಿ ಮುರಿದ ತೋಳು ಎಷ್ಟೇ ದಪ್ಪಗಿದ್ದರೂ ಮೊಳೆಯುವುದಿಲ್ಲ. ಕೊರಿಯರಿನಲ್ಲಿ ಬಂದ ಗಡ್ಡೆ ಹುಟ್ಟಲಿಲ್ಲ ಎನ್ನುವ ದೂರಿಗೆ ಬಹುತೇಕ ಇದೇ ಕಾರಣ. ಎರಡೂ ತುದಿ ಚೆನ್ನಾಗಿದ್ದರೆ ನಡುವಿನ ಸಂದಿಯಲ್ಲಿ ಕತ್ತರಿಸಿ ಎರಡು ಗಿಡ ಮಾಡಬಹುದು. ಕೊಯ್ದ ಗಾಯಕ್ಕೆ ಒಲೆಯ ಬೂದಿ ಹಚ್ಚಿ, ಎರಡು ದಿನ ನೆರಳಲ್ಲಿ ಆರಿಸಿ ನೆಡಿ. ಗಡ್ಡೆ ಮುಟ್ಟುವಾಗ ರಬ್ಬರಿನ ಕೈಗವಸು ಇರಲಿ. ಆ ಚಾಕು ಅಡುಗೆಮನೆಗೆ ವಾಪಸು ಹೋಗಬಾರದು.

ಕಾಡಿನಿಂದ ಅಗೆದು ಮಾರುವ ಗಡ್ಡೆಯನ್ನು ದಯವಿಟ್ಟು ಕೊಳ್ಳಬೇಡಿ. ಔಷಧಿ ವ್ಯಾಪಾರಕ್ಕಾಗಿ ಅಗೆದೂ ಅಗೆದೂ ಹಲವೆಡೆ ಕಾಡಿನ ಗಿಡ ಕ್ಷೀಣಿಸಿದೆ. ತಮಿಳುನಾಡಿನ ದಿಂಡಿಗಲ್, ತಿರುಪ್ಪೂರು, ಕರೂರು ಕಡೆ ಇದನ್ನು ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಬೆಳೆದ ಗಡ್ಡೆಯೇ ನರ್ಸರಿಗಳಲ್ಲಿ ಸಿಗುವಾಗ ಕಾಡಿನದಕ್ಕೆ ಕೈ ಹಾಕುವ ಅಗತ್ಯವಿಲ್ಲ.

ನೆಲವೋ, ಕುಂಡವೋ?

ಬಯಲುಸೀಮೆಯ ಕೆಂಪುಮಣ್ಣಿದ್ದರೆ ನೆಲವೇ ಮೇಲು. ಕಪ್ಪು ಎರೆಮಣ್ಣಿನಲ್ಲಿ ಮತ್ತು ಮಲೆನಾಡಿನ ಜಡಿಮಳೆಯಲ್ಲಿ ಹಾಗೆಯೇ ನೆಟ್ಟರೆ ಗಡ್ಡೆ ಕೊಳೆಯುತ್ತದೆ. ಅಂಥಲ್ಲಿ 30 ಸೆಂಟಿಮೀಟರ್ ಎತ್ತರದ ಏರುಮಡಿ ಮಾಡಿ, ತಳಕ್ಕೆ ಜಂಬಿಟ್ಟಿಗೆಯ ಚೂರು ಹಾಕಿ, ಅದರ ಮೇಲೆ ಮಣ್ಣು ತುಂಬಿ. ಕುಂಡವಾದರೆ 12 ಇಂಚಿಗಿಂತ ಕಿರಿದಾಗಬಾರದು, ಅಷ್ಟೇ ಆಳವೂ ಬೇಕು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಗೊಬ್ಬರ ಹಾಕಿದರೆ ಗಡ್ಡೆ ಬೆಂದು ಹೋಗುತ್ತದೆ. ನಾಯಿ ಇರುವ ಮನೆಗೆ ಕುಂಡವೇ ಸರಿ, ಅದೂ ಮೇಲೆ ತಂತಿಬಲೆ ಹೊದಿಸಿದ ಕುಂಡ.

ಕೃತ್ತಿಕೆ, ರೋಹಿಣಿ ಮಳೆಯ ಹೊತ್ತಿಗೆ, ಅಂದರೆ ಮೇ ತಿಂಗಳ ನಡುವಿನಿಂದ ಜೂನ್ ಮೊದಲ ವಾರದೊಳಗೆ, ಗಡ್ಡೆಯನ್ನು ಅಡ್ಡಡ್ಡ ಮಲಗಿಸಿ 6 ಸೆಂಟಿಮೀಟರ್ ಆಳದಲ್ಲಿ ನೆಡಿ. ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್. ಒಮ್ಮೆ ನೀರು ಕೊಟ್ಟು, ಮೊಳಕೆ ಕಾಣುವವರೆಗೆ ಮತ್ತೆ ಕೊಡಬೇಡಿ. ಮಳೆ ಬಿದ್ದರೆ ಸರಿ. ಬುಡಕ್ಕೆ ನೆರಳು, ತಲೆಗೆ ಬಿಸಿಲು ಸಿಗುವ ಜಾಗ ಇದಕ್ಕೆ ಇಷ್ಟ. ಬೇಲಿಯ ಪೊದೆಯೊಳಗಿಂದ ತಲೆಯೆತ್ತಿ ಬೆಳೆಯುವುದೇ ಇದರ ಸ್ವಭಾವ.

ಆಸರೆಯಲ್ಲಿ ಬಹಳ ಜನ ಎಡವುತ್ತಾರೆ. ಈ ಬಳ್ಳಿ ಹಿಡಿಯುವುದು ಎಲೆಯ ತುದಿಯ ಕುಡಿಯಿಂದ. ಆ ಕುಡಿ ಪೆನ್ಸಿಲಿಗಿಂತ ದಪ್ಪದ ಯಾವುದನ್ನೂ ಸುತ್ತಲಾರದು. ದಪ್ಪ ಬಿದಿರು ನೆಟ್ಟರೆ ಬಳ್ಳಿ ಅದರ ಪಕ್ಕದಲ್ಲೇ ಜಾರಿ ಬೀಳುತ್ತದೆ. ಕೋಳಿಗೂಡಿನ ತಂತಿಬಲೆ, ತೊಗರಿಕಟ್ಟಿ, ದಾಸವಾಳದ ಸಣ್ಣ ರೆಂಬೆ ಇವು ಸರಿಯಾದ ಆಸರೆ. ಮೊಳಕೆ ಗೇಣುದ್ದ ಆಗುವ ಮುನ್ನವೇ ಆಸರೆ ನಿಂತಿರಬೇಕು. ಆಮೇಲೆ ಕಟ್ಟಲು ಹೋಗಿ ಬುಡದಲ್ಲಿ ಮುರಿದರೆ, ಆ ತೋಳಿನಲ್ಲಿ ಬೇರೆ ಕಣ್ಣಿಲ್ಲದ ಕಾರಣ ಆ ವರ್ಷ ಅದರಿಂದ ಹೂವಿನ ಆಸೆ ಬಿಡಬೇಕು.

ಮಳೆ ಹಿಡಿದ ಮೇಲೆ ಬರುವ ಶತ್ರು ಲಿಲ್ಲಿ ಹುಳು. ಕಪ್ಪು ಮೈ ಮೇಲೆ ಬಿಳಿ ಮತ್ತು ಕೆಂಪು ಕಿತ್ತಳೆ ಚುಕ್ಕಿ ಇರುವ ಈ ಹುಳುಗಳು ಗುಂಪಾಗಿ ಬಂದು ಕೆಲವೇ ದಿನಗಳಲ್ಲಿ ಬಳ್ಳಿಯನ್ನು ಬೋಳು ಮಾಡುತ್ತವೆ. ಈ ಗಿಡದ ವಿಷ ಅವಕ್ಕೆ ತಗಲದು. ಬೆಳಿಗ್ಗೆ ಕೈಗವಸು ಹಾಕಿ ಆರಿಸಿ ಸೋಪಿನ ನೀರಿಗೆ ಹಾಕುವುದೇ ಗ್ಯಾರಂಟಿ ದಾರಿ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಮಳೆ ತೊಳೆದರೆ ಮತ್ತೆ ಸಿಂಪಡಿಸಬೇಕು. ಎಲೆ ತುದಿಯಿಂದ ಹಳದಿಯಾಗಿ ಬುಡ ಮೆತ್ತಗಾದರೆ ಅದು ಹುಳುವಿನದಲ್ಲ, ನೀರು ನಿಂತ ಕೊಳೆರೋಗ. ಆ ಗಡ್ಡೆ ಉಳಿಯುವುದು ಕಷ್ಟ. ಅದನ್ನು ಕಿತ್ತು ಹೊರಹಾಕಿ, ಆ ಜಾಗದಲ್ಲಿ ಮುಂದಿನ ವರ್ಷ ನೆಡಬೇಡಿ.

ಹೂ ಬಾಡಿದ ಮೇಲೆ ಹಸಿರು ಕಾಯಿಯನ್ನು ಚಿವುಟಿಬಿಡಿ. ಕಾಯಿ ಬಿರಿದರೆ ಒಳಗಿನ ಕೆಂಪು ಕಿತ್ತಳೆ ಬೀಜ ದಾಳಿಂಬೆಯ ಕಾಳಿನಂತೆ ಮಕ್ಕಳ ಕಣ್ಣು ಸೆಳೆಯುತ್ತದೆ. ಬೀಜಕ್ಕೆ ಹೋಗುವ ಶಕ್ತಿ ಗಡ್ಡೆಗೆ ಸೇರುವುದು ಇನ್ನೊಂದು ಲಾಭ. ಬೀಜ ಬೇಕೇ ಬೇಕು ಎನ್ನುವವರು ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಕುಂಚದಿಂದ ಮುಟ್ಟಿಸಬೇಕಾದೀತು. ಹೂವಿನ ಹೆಣ್ಣುಭಾಗವಾದ ಶಲಾಕೆ, ಪರಾಗ ಹೊತ್ತ ಕೇಸರಗಳಿಂದ ದೂರಕ್ಕೆ ಅಡ್ಡ ಬಾಗಿರುವುದರಿಂದ ತಾನಾಗಿ ಕಾಯಿ ಕಟ್ಟುವುದು ಕಡಿಮೆ.

ಎಲೆ ಹಳದಿಯಾಗಲು ಶುರುವಾದಾಗ ನೀರು ನಿಲ್ಲಿಸಿ. ಹಸಿರಿರುವಾಗ ಬಳ್ಳಿ ಕತ್ತರಿಸಬೇಡಿ. ಈ ಹೊತ್ತಿನಲ್ಲೇ ಹಳೆಯ ಗಡ್ಡೆ ಸುಕ್ಕಿ ಸಾಯುತ್ತಾ ಅದರ ಬದಲಿಗೆ ಹೊಸ ಜೋಡಿ ತೋಳು ತುಂಬಿಕೊಳ್ಳುತ್ತಿರುತ್ತದೆ. ಕುಂಡವನ್ನು ಸೂರಿನಡಿ ಅಡ್ಡ ಮಲಗಿಸಿಟ್ಟರೆ ಮುಂದಿನ ಮೇವರೆಗೆ ಬೇರೇನೂ ಮಾಡಬೇಕಿಲ್ಲ.

ವಿಷಮುಂಗಲಿ: ಕರಾವಳಿಗೆ, ಕೈ ಹಾಕಲು ಸಮಯವಿಲ್ಲದವರಿಗೆ

ಕ್ರೈನಮ್ ಏಷಿಯಾಟಿಕಮ್ ಎನ್ನುವ ಈ ಲಿಲ್ಲಿ ವರ್ಷವಿಡೀ ಹಸಿರು. ಮೀಟರುದ್ದದ ಪಟ್ಟಿ ಎಲೆಗಳ ಗುಂಪು, ನಡುವೆ ದಪ್ಪ ದಂಟು, ದಂಟಿನ ತುದಿಯಲ್ಲಿ ಜೇಡನ ಕಾಲಿನಂಥ ಬಿಳಿ ಹೂಗಳ ಗೊಂಚಲು, ಸಂಜೆಯಾದಂತೆ ಏರುವ ಪರಿಮಳ. ಗೌರಿ ಹೂವಿನಷ್ಟು ಬೆರಗು ಹುಟ್ಟಿಸದು, ಆದರೆ ಅದರ ಹತ್ತರಲ್ಲಿ ಒಂದು ಪಾಲು ಆರೈಕೆ ಸಾಕು. ಉಪ್ಪುಗಾಳಿ, ಮರಳು ಎರಡನ್ನೂ ತಾಳುತ್ತದೆ. ಉಳ್ಳಾಲದಿಂದ ಕಾರವಾರದವರೆಗೆ ಕಡಲ ಬದಿಯ ಮನೆಯ ಕಾಂಪೌಂಡಿಗೆ ಇದಕ್ಕಿಂತ ಹೊಂದುವ ಎತ್ತರದ ಹೂಗಿಡ ಹುಡುಕುವುದು ಕಷ್ಟ.

ಇದರ ವಿಷ ಲೈಕೋರಿನ್ ಮತ್ತು ಅದರ ಬಳಗದ ಸಸ್ಯಕ್ಷಾರಗಳು (ಆಲ್ಕಲಾಯ್ಡ್). ತಿಂದರೆ ಜೋರು ವಾಂತಿ, ಭೇದಿ. ರಸ ತಗುಲಿದ ಚರ್ಮ ಕೆಲವರಿಗೆ ಕೆರೆಯುತ್ತದೆ. ಗೌರಿ ಹೂವಿನ ವಿಷದಂತೆ ಪ್ರಾಣಕ್ಕೇ ಎರವಾಗುವುದು ಅಪರೂಪ, ಏಕೆಂದರೆ ವಾಂತಿಯಲ್ಲೇ ಬಹುಪಾಲು ಹೊರಬೀಳುತ್ತದೆ. ಆದರೂ ಗಡ್ಡೆ ದೊಡ್ಡ ಈರುಳ್ಳಿಯಂತೆ ಕಾಣುವುದರಿಂದ, ಅಗೆದ ಮರಿಗಡ್ಡೆಯನ್ನು ಅಡುಗೆಮನೆಯ ಹತ್ತಿರ ತರಬೇಡಿ.

ಮಳೆಗಾಲದ ಶುರುವಿನಲ್ಲಿ ತಾಯಿಗಿಡದ ಬುಡದಿಂದ ಮರಿ ಬೇರ್ಪಡಿಸಿ, ಗಡ್ಡೆಯ ಕತ್ತು ಮಣ್ಣಿನ ಮೇಲೆ ಕಾಣುವಂತೆ ನೆಡಿ. ಕತ್ತು ಹೂತರೆ ಎಲೆಬುಡದಲ್ಲಿ ನೀರು ನಿಂತು ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಒಂದು ಮೀಟರ್ ಬಿಡಿ. ಈಗ ಖಾಲಿ ಕಂಡರೂ ಮೂರನೆಯ ವರ್ಷ ತುಂಬುತ್ತದೆ. ಕಿತ್ತು ನೆಟ್ಟ ವರ್ಷ ಇದು ಮುನಿಸಿಕೊಂಡು ಹೂ ಬಿಡದಿರುವುದು ಸಾಮಾನ್ಯ, ಅದಕ್ಕಾಗಿ ಮತ್ತೆ ಜಾಗ ಬದಲಿಸಬೇಡಿ.

ಒಂದು ಎಚ್ಚರಿಕೆ: ಗೌರಿ ಹೂವನ್ನು ತಿನ್ನುವ ಅದೇ ಲಿಲ್ಲಿ ಹುಳುವಿಗೆ ವಿಷಮುಂಗಲಿಯೂ ಊಟವೇ. ಎರಡನ್ನೂ ಅಕ್ಕಪಕ್ಕ ನೆಟ್ಟರೆ ಒಂದರಿಂದ ಇನ್ನೊಂದಕ್ಕೆ ಹುಳು ದಾಟುತ್ತದೆ. ಅಂಗಳದ ಬೇರೆ ಬೇರೆ ತುದಿಯಲ್ಲಿ ಇರಲಿ.

ಆನೆಕಿವಿ: ನೆರಳಿಗೆ, ಆದರೆ ಪತ್ರೊಡೆ ಮಾಡುವ ಮನೆಗೆ ಬೇಡ

ಹೂವಿಗಿಂತ ಎಲೆಗಾಗಿ ಬೆಳೆಸುವ ಅಲೋಕೇಸಿಯಾ ಮ್ಯಾಕ್ರೋರೈಜೋಸ್‌ಗೆ ನರ್ಸರಿಗಳಲ್ಲಿ ಆನೆಕಿವಿ ಎನ್ನುತ್ತಾರೆ. ತೇವ ಮತ್ತು ಅರೆನೆರಳು ಸಿಕ್ಕರೆ ಆಳೆತ್ತರ ದಾಟುತ್ತದೆ. ಪಾತ್ರೆ ತೊಳೆದ ನೀರು ಹೋಗುವ ಮೂಲೆ ಸಾಕು. ಇದರಲ್ಲಿರುವುದು ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಕಚ್ಚಿದ ಕೂಡಲೇ ಬಾಯಿ, ನಾಲಿಗೆ ಉರಿದು ಊದಿಕೊಳ್ಳುವುದರಿಂದ ಯಾರೂ ಹೆಚ್ಚು ನುಂಗಲಾರರು. ಹಾಗಾಗಿ ಮಕ್ಕಳಿರುವ ಮನೆಗೆ ಈ ಪಟ್ಟಿಯಲ್ಲಿ ಅಪಾಯ ಕಡಿಮೆ ಇರುವುದು ಇದೇ. ಗಂಟಲು ಊದಿದರೆ ಮಾತ್ರ ತಡ ಮಾಡುವಂತಿಲ್ಲ.

ತೊಂದರೆ ಇರುವುದು ಕೆಸುವಿನೊಂದಿಗಿನ ಹೋಲಿಕೆಯಲ್ಲಿ. ಕರಾವಳಿ, ಮಲೆನಾಡಿನಲ್ಲಿ ಆಷಾಢದ ಮಳೆಗೆ ಪತ್ರೊಡೆ ಮಾಡುವ ಮನೆಯಲ್ಲಿ ಎರಡೂ ಒಂದೇ ತೇವದ ಮೂಲೆಯಲ್ಲಿ ಬೆಳೆದರೆ ಎಲೆ ತಪ್ಪಿ ಕೊಯ್ಯುವುದು ಸುಲಭ. ಕೆಸುವಿನ ದಂಟು ಎಲೆಯ ಸೀಳಿನಿಂದ ಒಳಗೆ, ಎಲೆಯ ಬೆನ್ನಿನ ಮೇಲೆ ಸೇರುತ್ತದೆ, ಎಲೆ ನೆಲದತ್ತ ಜೋಲುತ್ತದೆ. ಬಲಿತ ಆನೆಕಿವಿಯ ದಂಟು ಸೀಳಿನ ಬುಡಕ್ಕೇ ಸೇರುತ್ತದೆ, ಎಲೆಯ ತುದಿ ಆಕಾಶ ನೋಡುತ್ತದೆ. ಮರಿಗಿಡದಲ್ಲಿ ಈ ಗುರುತು ನಂಬುವಂಥದ್ದಲ್ಲ. ಆದ್ದರಿಂದ ಅಡುಗೆಯ ಕೆಸು ಒಂದು ಕಡೆ ಇದ್ದರೆ ಆನೆಕಿವಿ ಮನೆಯ ಎದುರಂಗಳದಲ್ಲಿರಲಿ, ಅಥವಾ ಇಲ್ಲದಿರಲಿ.

ಡೆಲ್ಫಿನಿಯಮ್, ಲಾರ್ಕ್‌ಸ್ಪರ್, ಫಾಕ್ಸ್‌ಗ್ಲೋವ್: ನೀಲಿಯ ಆಸೆಗೆ

ನೀಲಿ ಹೂವಿನ ಎತ್ತರದ ಕೋಲು ಬೇಕೆನ್ನುವವರು ಡೆಲ್ಫಿನಿಯಮ್ ಕೇಳುತ್ತಾರೆ. ಬ್ರಿಟನ್ನಿನ ತೋಟದಲ್ಲಿ ಅದು ಹಲವು ವರ್ಷ ಬಾಳುತ್ತದೆ, ಎರಡು ಮೀಟರ್‌ವರೆಗೆ ಏರುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಹಾಗಾಗದು. ಅದಕ್ಕೆ ಬೇಕಾದ ಚಳಿನಿದ್ರೆ ಇಲ್ಲಿ ಸಿಗುವುದಿಲ್ಲ, ಮಾರ್ಚಿನ ಬಿಸಿಲಿಗೆ ಬುಡ ಕೊಳೆತು ಸಾಯುತ್ತದೆ. ಬಹುವಾರ್ಷಿಕ ಎಂದು ನಂಬಿ ದುಬಾರಿ ಸಸಿ ಕೊಳ್ಳುವುದು ದುಡ್ಡು ದಂಡ. ಅದರ ಬದಲು ಒಂದೇ ಹಂಗಾಮಿನ ಅದರ ನೆಂಟ ಲಾರ್ಕ್‌ಸ್ಪರ್ ಬಿತ್ತಿ. ಬೀಜದ ಪೊಟ್ಟಣವನ್ನು ಒಂದೆರಡು ವಾರ ಫ್ರಿಜ್ಜಿನಲ್ಲಿಟ್ಟು, ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ ನೇರ ಮಡಿಗೇ ಬಿತ್ತಿ ತೆಳುವಾಗಿ ಮಣ್ಣು ಮುಚ್ಚಿ. ಬೆಳಕು ಬಿದ್ದರೆ ಮೊಳೆಯುವುದಿಲ್ಲ. ಮಣ್ಣು ಬಿಸಿಯಾಗಿದ್ದರೂ ಮೊಳೆಯುವುದಿಲ್ಲ. ತಾಯಿಬೇರು ಉದ್ದ, ಆದ್ದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ. 20ರಿಂದ 25 ಸೆಂಟಿಮೀಟರ್ ಅಂತರಕ್ಕೆ ಸಸಿ ತೆಳುವು ಮಾಡಿ, ಗಾಳಿಗೆ ಬೀಳದಂತೆ ದಾರ ಕಟ್ಟಿ. ಎದೆಮಟ್ಟದ ಹೂವಿನ ಕೋಲುಗಳು ಚಳಿಗಾಲದ ಕೊನೆಗೆ ಬರುತ್ತವೆ.

ಡೆಲ್ಫಿನಿಯಮ್, ಲಾರ್ಕ್‌ಸ್ಪರ್ ಎರಡರಲ್ಲೂ ವಿಷ ಒಂದೇ ಬಗೆಯ ಸಸ್ಯಕ್ಷಾರಗಳು; ಎಳೆ ಗಿಡ ಮತ್ತು ಬೀಜದಲ್ಲಿ ಹೆಚ್ಚು. ಅಮೆರಿಕದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ದನಗಳು ಸಾಯಲು ಕಾಡು ಲಾರ್ಕ್‌ಸ್ಪರ್ ದೊಡ್ಡ ಕಾರಣಗಳಲ್ಲಿ ಒಂದು. ಕೊಟ್ಟಿಗೆ ಇರುವ ಮನೆಯವರು ತೆಳುವು ಮಾಡಿ ಕಿತ್ತ ಸಸಿಗಳನ್ನು ಮೇವಿನ ಹತ್ತಿರ ಎಸೆಯದಿರಲಿ.

ಫಾಕ್ಸ್‌ಗ್ಲೋವ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟಿಯಂಥ ಎತ್ತರದಲ್ಲಿ ಚೆನ್ನಾಗಿ ಬರುತ್ತದೆ. ಮಡಿಕೇರಿಯ ತಂಪು ಅಂಗಳದಲ್ಲಿ ಒಂದು ಹಂಗಾಮು ನೋಡಬಹುದು. ಸಾಮಾನ್ಯ ನೇರಳೆ ಬಗೆ ಎರಡು ವರ್ಷದ ಗಿಡ: ಮೊದಲ ವರ್ಷ ಎಲೆ, ಎರಡನೆಯ ವರ್ಷ ಹೂ, ಆಮೇಲೆ ಸಾವು. ಧೂಳಿನಂಥ ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಬಿಡಬೇಕು, ಮುಚ್ಚಬಾರದು, ಲಾರ್ಕ್‌ಸ್ಪರ್‌ಗೆ ತದ್ವಿರುದ್ಧ. ಇಡೀ ಗಿಡ ಹೃದಯದ ಬಡಿತ ಕೆಡಿಸುವ ವಿಷ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಇದನ್ನು ಔಷಧವಾಗಿ ಬಳಸಿದ ಬಗೆಯನ್ನು ಬರೆದು ಪ್ರಕಟಿಸಿದ. ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಎಷ್ಟು ಕಿರಿದು ಎನ್ನುವುದು ಆಗಲೇ ತಿಳಿದಿತ್ತು. ಹೂವಿಲ್ಲದ ಮೊದಲ ವರ್ಷದ ಎಲೆಯನ್ನು ಸೊಪ್ಪೆಂದು ಕೊಯ್ಯುವ ಅಪಾಯ ಇರುವುದರಿಂದ ತರಕಾರಿ ಮಡಿಯ ಹತ್ತಿರ ಬೇಡ.

ಚಳಿದೇಶದಲ್ಲಿರುವವರಿಗೆ: ಮಾಂಕ್ಸ್‌ಹುಡ್

ಲಂಡನ್, ಟೊರೊಂಟೊ, ಸ್ಟಾಕ್‌ಹೋಮ್ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಮಾಂಕ್ಸ್‌ಹುಡ್, ಅಂದರೆ ಅಕೋನಿಟಮ್, ಎದುರಾಗುತ್ತದೆ. ನಮ್ಮ ಆಯುರ್ವೇದದ ವತ್ಸನಾಭಿಯೂ ಇದೇ ಕುಲದ್ದು. ಅದು ಹಿಮಾಲಯದ ಎತ್ತರದ ಗಿಡ, ಕರ್ನಾಟಕದ ಯಾವ ಅಂಗಳದಲ್ಲೂ ಬಾಳದು. ಗ್ರಂದಿಗೆ ಅಂಗಡಿಯಲ್ಲಿ ಸಿಗುವ ಒಣಬೇರು ನೆಟ್ಟರೆ ಮೊಳೆಯುವುದೂ ಇಲ್ಲ. ಅದನ್ನು ಮನೆಗೆ ತರಲೇಬೇಡಿ.

ಚಳಿದೇಶದಲ್ಲಿ ಇದರ ಗುಣಗಳು ನಿಜವಾದವು: ನೆರಳು ತಾಳುತ್ತದೆ, ಜಿಂಕೆ ಮೊಲಗಳು ಮುಟ್ಟುವುದಿಲ್ಲ, ಡೆಲ್ಫಿನಿಯಮ್‌ಗಳನ್ನು ಬೋಳು ಮಾಡುವ ಬಸವನಹುಳುಗಳ ಕಾಟವೂ ಇದಕ್ಕೆ ಕಡಿಮೆ. ನಪೆಲ್ಲಸ್ ಬಗೆ ಬೇಸಿಗೆಯ ನಡುವೆ ಹೂ ಬಿಡುತ್ತದೆ. ಕಾರ್ಮೈಕೇಲಿ ಬಗೆಯ 'ಆರೆಂಡ್ಸಿ' ಬೇರೆ ಹೂಗಳೆಲ್ಲ ಮುಗಿದ ಶರತ್ಕಾಲದಲ್ಲಿ, 1.2ರಿಂದ 1.5 ಮೀಟರ್ ಗಟ್ಟಿ ದಂಟಿನಲ್ಲಿ. ಎರಡರಲ್ಲಿ ಒಂದನ್ನೇ ಇಡುವುದಾದರೆ ಎರಡನೆಯದು. ಕೋಲಿನ ಆಸರೆಯೂ ಕಡಿಮೆ ಸಾಕು. ತೇವ ಆರದ ಮಣ್ಣು, ಗಿಡಕ್ಕೆ ಗಿಡ 45 ಸೆಂಟಿಮೀಟರ್, ಗಡ್ಡೆಯ ತಲೆ 2ರಿಂದ 3 ಸೆಂಟಿಮೀಟರ್ ಆಳ. ಮಣ್ಣು ಬೇಸಿಗೆಯಲ್ಲಿ ಒಣಗಿದರೆ ಕೆಳಗಿನ ಎಲೆಗಳು ಕಪ್ಪಾಗಿ ದಂಟು ಬೋಳಾಗುತ್ತದೆ.

ವಿಷದಲ್ಲಿ ಇಲ್ಲಿ ಹೇಳಿದವುಗಳಲ್ಲೆಲ್ಲ ಇದೇ ಅತಿ ತೀವ್ರ. ಇದರಲ್ಲಿರುವ ಅಕೋನಿಟಿನ್ ಎಂಬ ವಿಷ ಕೆಲವು ಮಿಲಿಗ್ರಾಂ ಹೋದರೂ ದೊಡ್ಡವರನ್ನೂ ಕೊಲ್ಲುತ್ತದೆ. ಬಾಯಿಗೆ ಹೋದ ಕೆಲವೇ ನಿಮಿಷಗಳಲ್ಲಿ ತುಟಿ ನಾಲಿಗೆ ಜುಮ್ಮೆನ್ನತೊಡಗಿ, ಆಮೇಲೆ ಹೃದಯದ ಲಯ ತಪ್ಪುತ್ತದೆ. ರಸ ಗಾಯದ ಮೂಲಕವೂ ಮೈಗೆ ಸೇರಬಹುದು. ಗಡ್ಡೆ ಬೇರ್ಪಡಿಸುವಾಗ ಉದ್ದ ತೋಳು, ನೀರು ಹೀರದ ಕೈಗವಸು ಕಡ್ಡಾಯ. ಸಲಕರಣೆಯನ್ನು ಕೂಡಲೇ ತೊಳೆಯಬೇಕು. ಗೌರಿ ಗಣೇಶ ಹಬ್ಬಕ್ಕೆ ಹೂ ಹುಡುಕುವಾಗ ಹಿತ್ತಲಿನ ಈ ನೀಲಿ ಗೊಂಚಲನ್ನು ಕೊಯ್ದು ನೈವೇದ್ಯದ ಪಕ್ಕ ಇಡಬೇಡಿ. ಅಲ್ಲಿಯೂ ಗೌರಿ ಹೂವೇ ಬೇಕೆಂದರೆ ದಾರಿ ಇದೆ: 'ರಾಥ್‌ಶೀಲ್ಡಿಯಾನಾ' ಎಂಬ ಕೆಂಪು ಬಗೆಯ ಗಡ್ಡೆ ಯುರೋಪಿನ ನರ್ಸರಿಗಳಲ್ಲಿ ಮಾರಾಟಕ್ಕಿದೆ. ಮಾರ್ಚ್ ಕೊನೆಗೆ 20 ಡಿಗ್ರಿ ದಾಟುವ ಒಳಾಂಗಣದಲ್ಲಿ ಕುಂಡಕ್ಕೆ ನೆಟ್ಟು, ರಾತ್ರಿಯ ಹಿಮ ನಿಂತ ಮೇಲೆ ಬಿಸಿಲಿಗೆ ಇಟ್ಟರೆ ಬೇಸಿಗೆಯ ಎರಡನೆಯ ಅರ್ಧಕ್ಕೆ ಹೂ ಬರುತ್ತದೆ. ಚಳಿಗಾಲದಲ್ಲಿ ಒಣ ಕುಂಡ 10 ಡಿಗ್ರಿಗಿಂತ ಕೆಳಗಿಳಿಯದ ಕೋಣೆಯಲ್ಲಿರಲಿ.

ಎರಡರ ನಡುವೆ ಸಿಕ್ಕಿಕೊಂಡವರಿಗೆ

ಗೌರಿ ಹೂ ಮತ್ತು ವಿಷಮುಂಗಲಿಯ ನಡುವೆ ತೂಗುತ್ತಿದ್ದು, ಮನೆಯಲ್ಲಿ ನಾಯಿ ಇದ್ದರೆ ವಿಷಮುಂಗಲಿ. ಅದರ ಗಡ್ಡೆ ಸದಾ ಎಲೆಯ ಗುರುತಿನಡಿ ಇರುತ್ತದೆ, ದೊಡ್ಡದು, ಅಗೆಯುವುದು ಸುಲಭವಲ್ಲ. ಬೇಲಿಯೇ ಇರುವ, ಮಕ್ಕಳು ದೊಡ್ಡವರಾದ ಮನೆಗೆ ಗೌರಿ ಹೂ. ಬಾಡಿಗೆ ಮನೆಯ ಬಾಲ್ಕನಿಗೆ ಗೌರಿ ಹೂವಿನ ಕುಂಡ; ಮನೆ ಬದಲಿಸುವಾಗ ಹೊಸ ಬಾಡಿಗೆದಾರರಿಗೆ ವಿಷದ ಗಡ್ಡೆಯ ನೆಲ ಬಿಟ್ಟು ಹೋಗುವ ಪ್ರಶ್ನೆ ಬರುವುದಿಲ್ಲ. ಚಳಿಗಾಲದಲ್ಲಷ್ಟೇ ತೋಟಕ್ಕೆ ಸಮಯ ಸಿಗುವವರಿಗೆ ಲಾರ್ಕ್‌ಸ್ಪರ್. ದನದ ಕೊಟ್ಟಿಗೆಗೆ ಅಂಟಿದ ಹಿತ್ತಲಿಗೆ ನಮ್ಮ ಸಲಹೆ ಇವ್ಯಾವುದೂ ಅಲ್ಲ, ಎತ್ತರದ ಕೆಂಪು ಕಾಬಾಳೆ, ಅದರಲ್ಲಿ ವಿಷವಿಲ್ಲ.

ಬಾಯಿಗೆ ಹೋದರೆ

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಗೌರಿ ಹೂವಿನ ವಿಷ ಕೆಲವು ಗಂಟೆ ಸುಮ್ಮನಿದ್ದು ಆಮೇಲೆ ವಾಂತಿ, ಭೇದಿಯಾಗಿ ಎದ್ದು, ಸ್ವಲ್ಪ ಇಳಿದಂತೆ ಕಂಡರೂ ಎರಡನೆಯ ದಿನದಿಂದ ಮೂತ್ರಪಿಂಡ, ಮೂಳೆಮಜ್ಜೆ, ಹೃದಯಗಳನ್ನು ಕೆಡಿಸುತ್ತದೆ. ಆದ್ದರಿಂದ ವಾಂತಿ ನಿಂತಿತೆಂದು ಮನೆಗೆ ಮರಳುವುದು ತಪ್ಪು. ಬಾಯಿಯಲ್ಲಿರುವ ಚೂರು ತೆಗೆದು, ನೀರಿನಲ್ಲಿ ಬಾಯಿ ತೊಳೆಸಿ. ಉಪ್ಪುನೀರು ಕುಡಿಸುವುದಾಗಲಿ, ಬೆರಳು ಹಾಕಿ ವಾಂತಿ ಮಾಡಿಸುವುದಾಗಲಿ ಬೇಡ. ಹಾಲು, ಎಣ್ಣೆ, ಮನೆಮದ್ದು ಯಾವುದೂ ಬೇಡ. 108ಕ್ಕೆ ಕರೆ ಮಾಡಿ, ಐಸಿಯು ಇರುವ ಆಸ್ಪತ್ರೆಗೇ ಹೋಗಿ. ತಿಂದ ಗಿಡದ ಎಲೆ, ಗಡ್ಡೆ, ಕಾಯಿ ಏನು ಸಿಕ್ಕರೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ, ಎಷ್ಟು ಹೊತ್ತಿಗೆ ಎಷ್ಟು ತಿಂದರು ಎನ್ನುವುದನ್ನು ಚೀಟಿಯಲ್ಲಿ ಬರೆದಿಡಿ. ನೆಟ್ಟ ಪ್ರತಿ ವಿಷದ ಗಿಡದ ವೈಜ್ಞಾನಿಕ ಹೆಸರು ಮತ್ತು ಒಂದು ಫೋಟೋ ಮನೆಯವರೆಲ್ಲರ ಫೋನಿನಲ್ಲಿ ಮೊದಲೇ ಇದ್ದರೆ, ಗೌರಿ ಹೂ ಎಂದರೇನೆಂದು ಗೊತ್ತಿಲ್ಲದ ವೈದ್ಯರಿಗೂ ಹೇಳಲು ತಡವಾಗುವುದಿಲ್ಲ.